ಭುಜಕ್ಕೆ ತಕ್ಕ ರಾಡು

ವ್ಯಾಯಾಮದ ಸಾಮಾನಿನ ಅಂಗಡಿಗೆ ಹೊರಡುವ ಮೊದಲೇ, ಭಾರ ಎತ್ತಲು ಯಾವ ರಾಡು ಬೇಕೆಂಬುದು ಮೇಷ್ಟ್ರಿಗೆ ಖಚಿತವಾಗಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಉಕ್ಕಿನ ಸರಳುಗಳನ್ನು ಯಂತ್ರಕ್ಕೆ ಕಚ್ಚಿಸಿ, ಎರಡೂ ಕಡೆ ಎಳೆದು, ಅವು ಎಲ್ಲಿ ಸೋಲುತ್ತವೆ ಎಂದು ವಿದ್ಯಾರ್ಥಿಗಳಿಗೆ ತೋರಿಸುವುದು ಅವರ ಕೆಲಸ. ಹಾಗಾಗಿ ಉಕ್ಕಿನ ವಿಷಯದಲ್ಲಿ ಅನುಮಾನವಿರಲಿಲ್ಲ. ಹೆಂಡತಿಯ ಅಂಗೈಯ ಅಳತೆ ಗೊತ್ತಿರಲಿಲ್ಲ, ಅದನ್ನೂ ತೆಗೆದುಕೊಂಡರು. ಪ್ರಯೋಗಾಲಯದಿಂದ ಬೇರೆ ಬೇರೆ ದಪ್ಪದ ಕೊಳವೆಯ ತುಂಡುಗಳನ್ನು ತಂದು, ಊಟದ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಹಿಡಿದು ನೋಡುವಂತೆ ಹೇಳಿದರು. ಇಪ್ಪತ್ತೈದು ಮಿಲಿಮೀಟರಿನದನ್ನು ಹಿಡಿದಾಗ ಆಕೆಯ ಹೆಬ್ಬೆರಳು ತೋರುಬೆರಳಿನ ಉಗುರನ್ನು ಪೂರ್ತಿ ಮುಚ್ಚಿತು. ಇಪ್ಪತ್ತೊಂಬತ್ತರದನ್ನು ಹಿಡಿದಾಗ ಎರಡು ಬೆರಳುಗಳೂ ಮಾತು ಬಿಟ್ಟವರ ಹಾಗೆ ದೂರ ನಿಂತವು.

"ನಾಲ್ಕೇ ಮಿಲಿಮೀಟರು ವ್ಯತ್ಯಾಸ. ಆದ್ರೆ ಸುತ್ತಳತೆ ತಗೊಂಡ್ರೆ ಹನ್ನೆರಡೂವರೆ ಆಗುತ್ತೆ ನೋಡು," ಎಂದರು ಮೇಷ್ಟ್ರು.

"ರೀ, ಮದುವೆ ಉಂಗುರಕ್ಕೂ ನೀವು ಇಷ್ಟು ಅಳತೆ ತಗೊಂಡಿರ್ಲಿಲ್ಲ. ಅದು ಇವತ್ತಿಗೂ ಸಡಿಲಾನೇ," ಎಂದಳು ಹೆಂಡತಿ.

ಭಾರವನ್ನು ತಲೆಯ ಮೇಲೆತ್ತುವವರಿಗೆ ಯಾವ ರಾಡಾದರೂ ನಡೆಯುತ್ತದೆ ಎಂದುಕೊಳ್ಳುವುದು ತಪ್ಪು. ಎತ್ತುವ ಮೊದಲು ರಾಡು ಕೊರಳಿನ ಬುಡದಲ್ಲಿ, ಎಲುಬಿನ ಮೇಲೆ ಕೂರುತ್ತದೆ. ಹಿಡಿತಕ್ಕೆಂದು ಕೆತ್ತಿದ ಒರಟು ಗೆರೆಗಳು ನಡುಭಾಗದಲ್ಲೂ ಇದ್ದರೆ ಅಲ್ಲಿ ಚರ್ಮ ಕೀಳುತ್ತದೆ. ಭಾರದ ಪ್ಲೇಟು ಸಿಕ್ಕಿಸುವ ತುದಿಯ ತೋಳುಗಳು ಸಲೀಸಾಗಿ ತಿರುಗದಿದ್ದರೆ ಪ್ಲೇಟಿನ ಭಾರ ಮಣಿಕಟ್ಟನ್ನು ತಿರುಚುತ್ತದೆ. ಬಳುಕುವ ರಾಡಾದರೆ ಮೇಲೆ ಹೋದ ಮೇಲೂ ತುಯ್ದಾಡುತ್ತದೆ. ಮೇಷ್ಟ್ರು ಇದೆಲ್ಲವನ್ನೂ ಯೋಚಿಸಿದ್ದರು. ಹೆಂಡತಿ ಕೈ ಪೂರ್ತಿ ಚಾಚಿದಾಗ ಪ್ಲೇಟಿನ ಅಂಚಿಗೂ ಫ್ಯಾನಿನ ರೆಕ್ಕೆಗೂ ಎಷ್ಟು ಅಂತರ ಉಳಿಯುತ್ತದೆ ಎಂಬುದನ್ನು ಕುರ್ಚಿ ಹತ್ತಿ ಅಳೆದಿದ್ದರು. ಹದಿನೈದು ಕಿಲೋದ್ದು, ಇಪ್ಪತ್ತೈದು ಮಿಲಿಮೀಟರ್ ದಪ್ಪ, ನಡುಭಾಗ ನುಣುಪು. ತೀರ್ಮಾನವಾಗಿತ್ತು.

ಎತ್ತುವವಳು ಹೆಂಡತಿ. ಔಷಧಿ ಅಂಗಡಿಯಲ್ಲಿ ಆಕೆಗೆ ಕೆಲಸ. ಎರಡು ವರ್ಷದ ಹಿಂದೆ ಮೇಲಿನ ಅಟ್ಟದಿಂದ ಪೆಟ್ಟಿಗೆ ತೆಗೆಯಲು ಸ್ಟೂಲು ಹತ್ತಿ, ಜಾರಿ ಬಿದ್ದು, ಬಲಭುಜ ಮುರಿದುಕೊಂಡಿದ್ದಳು. ತಿಂಗಳುಗಟ್ಟಲೆ ಆಕೆಗೆ ತಲೆ ಬಾಚಿದ್ದು ಮೇಷ್ಟ್ರೇ. ಎಲುಬು ಕೂಡಿದ ಮೇಲೆ ವೈದ್ಯರು ಕೈಗೆ ಒಂದು ಕೋಲು ಕೊಟ್ಟು ಮೇಲೆತ್ತಲು ಹೇಳಿದರು. ಕೋಲು ಹೋಗಿ ಕೊಳವೆಯಾಯಿತು, ಕೊಳವೆ ಹೋಗಿ ಜಿಮ್ಮಿನ ಸಣ್ಣ ರಾಡಾಯಿತು. ಆಮೇಲೆ ಆಕೆ ನಿಲ್ಲಿಸಲಿಲ್ಲ. ಈಗ ಮೂವತ್ತೈದು ಕಿಲೋ ತಲೆಯ ಮೇಲೆತ್ತುತ್ತಿದ್ದಳು. ಜಿಮ್ಮಿನವರು ಹೆಂಗಸರ ಸಮಯವನ್ನು ಔಷಧಿ ಅಂಗಡಿಯಲ್ಲಿ ಜನ ಮುಗಿಬೀಳುವ ಹೊತ್ತಿಗೆ ಬದಲಾಯಿಸಿದ್ದರಿಂದ ಮನೆಗೇ ರಾಡು ತರಬೇಕಾಗಿ ಬಂದಿತ್ತು.

ಏಳಡಿ ಉದ್ದದ ಸಾಮಾನು ಸ್ಕೂಟರಿನಲ್ಲಿ ಬರುವುದಿಲ್ಲ. ಹೆಂಡತಿಯ ಅಣ್ಣನಿಗೆ ಪೀಠೋಪಕರಣ ಸಾಗಿಸುವ ವ್ಯಾನಿತ್ತು. ಭಾವ ಎಂದರೆ ಮೊದಲು ದನಿ, ಆಮೇಲೆ ಮನುಷ್ಯ. "ಮೇಷ್ಟ್ರು" ಎಂಬ ಹೆಸರಿಟ್ಟವನೂ ಅವನೇ. ತಂಗಿ ಭಾರ ಎತ್ತುವ ವಿಷಯ ಅವನಿಗೆ ಗೊತ್ತಿರಲಿಲ್ಲ; ಭಾರ ಎತ್ತುವ ರಾಡು ತರಬೇಕು ಎಂದಷ್ಟೇ ಹೇಳಿ ಕರೆದಿದ್ದರು. ಭುಜ ಮುರಿದ ಸುದ್ದಿ ಕೇಳಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಮಗುವಿನ ಹಾಗೆ ಅತ್ತಿದ್ದವನಿಗೆ ಹೇಗೆ ಹೇಳುವುದೆಂದು ಆಕೆ ಮುಂದಕ್ಕೆ ಹಾಕುತ್ತಲೇ ಬಂದಿದ್ದಳು.

ದಾರಿಯಲ್ಲಿ ಡೀಸೆಲ್ ಹಾಕಿಸಲು ಭಾವ ಇಳಿದಾಗ ಹೆಂಡತಿ ಮೆಲ್ಲಗೆ ಹೇಳಿದಳು: "ಅಂಗಡೀಲಿ ಅಣ್ಣಂಗೆ ನೀವೇ ಹೇಳ್ಬಿಡಿ. ನಾನು ಹೇಳಿದ್ರೆ ಭುಜ ಭುಜ ಅಂತ ಒಂದೇ ಸಮ ಶುರು ಮಾಡ್ತಾನೆ. ನಿಮ್ಮ ಮಾತು ಕೇಳ್ತಾನೆ. ನೀವು ಹೇಳಿ, ನಾನು ಅಲ್ಲೇ ಎತ್ತಿ ತೋರಿಸ್ತೀನಿ. ಅವನ ಮುಖ ನೋಡ್ಬೇಕು ನಂಗೆ."

"ಅದಕ್ಕೇನು, ಹೇಳ್ತೀನಿ," ಎಂದರು ಮೇಷ್ಟ್ರು. ಮನಸಾರೆ ಹೇಳಿದ ಮಾತೇ ಅದು.

ಅಂಗಡಿ ಒಳಗೆ ರಬ್ಬರಿನ ವಾಸನೆ. ಗೋಡೆಗೆ ಒರಗಿಸಿದ್ದ ರಾಡುಗಳು ದಪ್ಪದ ಅನುಕ್ರಮದಲ್ಲಿ ನಿಂತಿದ್ದವು; ಆ ಶಿಸ್ತು ಮೇಷ್ಟ್ರಿಗೆ ಹಿಡಿಸಿತು. ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ಅಂಗಡಿಯವರು ಗಲ್ಲಾದ ಹಿಂದಿನಿಂದ ಎದ್ದು ಬಂದರು. ಹೆಂಡತಿ ಆಗಲೇ ಹೋಗಿ ತೆಳುವಾದ ರಾಡೊಂದರ ಸುತ್ತ ಬೆರಳು ಸುತ್ತಿ, ಹೆಬ್ಬೆರಳು ಎಲ್ಲಿಗೆ ಮುಟ್ಟುತ್ತದೆ ಎಂದು ನೋಡುತ್ತಿದ್ದಳು.

"ಬನ್ನಿ ಸಾರ್. ಯಾರಿಗೆ ಬೇಕಿತ್ತು?"

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಭಾವ ಅವರ ಬೆನ್ನಿಗೆ ಒಂದು ಬಾರಿಸಿದ. "ಇನ್ಯಾರಿಗೆ ಸ್ವಾಮಿ, ನಮ್ಮ ಮೇಷ್ಟ್ರಿಗೆ! ಇಷ್ಟು ದಿನ ಕಬ್ಬಿಣ ಮುರಿದಿದ್ದಾಯ್ತು, ಈಗ ಎತ್ತೋಕೆ ಹೊರಟಿದ್ದಾರೆ. ಒಳಗೊಳಗೇ ಪೈಲ್ವಾನ್ ನೋಡಿ ಇವ್ರು, ನಮಗೇ ಗೊತ್ತಿರ್ಲಿಲ್ಲ!"

ಅಂಗಡಿಯವರು ನಕ್ಕು ಕೈ ಮುಂದೆ ಚಾಚಿದರು. ಅವರ ಕೈ ದೊಡ್ಡದು, ಹಿಡಿತ ಬಿಗಿ. "ತಲೆ ಮೇಲೆತ್ತೋದಕ್ಕಾ ಸಾರ್? ಎಷ್ಟು ಎತ್ತುತ್ತೀರಿ ಈಗ?"

ಹೇಳಬೇಕಾದ ಕ್ಷಣ ಅದೇ. ಹೆಂಡತಿ ರಾಡಿನಿಂದ ಕಣ್ಣು ತೆಗೆದು ಗಂಡನತ್ತ ನೋಡಿದಳು. ತುಟಿಯ ಅಂಚಿನಲ್ಲಿ ನಗು ಕಾದು ನಿಂತಿತ್ತು. ಆದರೆ ಮೇಷ್ಟ್ರಿಗೆ ಆ ಹೊತ್ತಿನಲ್ಲಿ ನೆನಪಾದದ್ದು ಒಮ್ಮೆ ಆಕೆಯನ್ನು ಕರೆತರಲು ಜಿಮ್ಮಿಗೆ ಹೋಗಿದ್ದ ಸಂಜೆ. ಆಕೆ ಬಟ್ಟೆ ಬದಲಿಸಲು ಒಳಗೆ ಹೋಗಿದ್ದಳು. ಹಜಾರದಲ್ಲಿ ಯಾರೂ ಇರಲಿಲ್ಲ. ಆಕೆ ಎತ್ತಿ ಬಿಟ್ಟಿದ್ದ ಮೂವತ್ತು ಕಿಲೋ ಇನ್ನೂ ಸ್ಟ್ಯಾಂಡಿನ ಮೇಲಿತ್ತು. ನೋಡೋಣ ಎಂದು ಎತ್ತಿದರು. ಹಣೆಯವರೆಗೆ ಬಂದು ನಿಂತಿತು. ಮೇಲೆ ಹೋಗಲೊಲ್ಲದು. ಸದ್ದಾಗದಂತೆ ಇಳಿಸಿ, ಅಂಗಿ ಸರಿಮಾಡಿಕೊಂಡು, ಬಾಗಿಲ ಬಳಿ ಹೋಗಿ ನಿಂತಿದ್ದರು. ಊಟದ ಮೇಜಿನ ಮುಂದೆ ಹೆಂಡತಿಯ ಬಲ ಅವರಿಗೆ ಹೆಮ್ಮೆ. ಇಬ್ಬರು ದಪ್ಪ ತೋಳಿನ ಗಂಡಸರ ನಡುವೆ ನಿಂತಾಗ ಅದೇ ಬಲ ತಮಗೆ ಯಾರೋ ಹಾಕಿದ ಕಡಿಮೆ ಅಂಕದಂತೆ ಕಂಡಿತು.

"ಮೂವತ್ತೈದು," ಎಂದರು ಮೇಷ್ಟ್ರು.

ಭಾವ ಶಿಳ್ಳೆ ಹೊಡೆದ. "ಅಬ್ಬಬ್ಬಾ! ಇನ್ಮೇಲೆ ನಿಮ್ಮ ಹತ್ರ ಹುಷಾರಾಗಿರ್ಬೇಕು ಮೇಷ್ಟ್ರೇ."

ಹೆಂಡತಿ ಕೈಯಲ್ಲಿದ್ದ ರಾಡನ್ನು ಎಲ್ಲಿಂದ ತೆಗೆದಿದ್ದಳೋ ಅಲ್ಲಿಗೇ ಒರಗಿಸಿದಳು.

"ಅದು ಹೆಂಗಸರದ್ದಮ್ಮ, ಸಾರ್‌ಗೆ ಸಾಕಾಗಲ್ಲ," ಎಂದರು ಅಂಗಡಿಯವರು, ಕೆಟ್ಟ ಉದ್ದೇಶವೇನೂ ಇಲ್ಲದ ದನಿಯಲ್ಲಿ.

"ಹೌದಾ," ಎಂದಳು ಆಕೆ.

ಆಮೇಲೆ ಆದದ್ದೆಲ್ಲ ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಆಯಿತು. ಅಂಗಡಿಯವರು ಇಪ್ಪತ್ತು ಕಿಲೋದ, ಇಪ್ಪತ್ತೊಂಬತ್ತು ಮಿಲಿಮೀಟರಿನ ಗಟ್ಟಿ ರಾಡನ್ನು ಮುಂದಿಟ್ಟರು. ನಡುಭಾಗದಲ್ಲೂ ಒರಟು ಗೆರೆ. ಅದು ಒಳ್ಳೆಯ ರಾಡೇ, ಹಿಡಿಯುವ ಕೈ ಬೇರೆಯದಾಗಿದ್ದರೆ. ಬೇಡವೆನ್ನಲು ಕಾರಣ ಕೊಡಬೇಕಿತ್ತು; ಕಾರಣ ಕೊಟ್ಟರೆ ಸತ್ಯ ಹೊರಬೀಳುತ್ತಿತ್ತು. ಎಲ್ಲ ಅಳತೆಯನ್ನೂ ಬಲ್ಲ ಮೇಷ್ಟ್ರು, ಬೇಡದ ರಾಡಿನ ಒಂದು ತುದಿ ಹಿಡಿದು ವ್ಯಾನಿಗೆ ಹಾಕಿದರು.

ಭಾವ ಮನೆಯವರೆಗೂ ಅದನ್ನೇ ಹೇಳಿಕೊಂಡು ನಕ್ಕ. ಹೆಂಡತಿ ಕಿಟಕಿಯ ಆಚೆ ನೋಡುತ್ತಿದ್ದಳು. ಅವನು ಹೊರಟುಹೋದ ಮೇಲೆ, ನೀರು ಕುಡಿಯುತ್ತ ಒಂದೇ ಮಾತು ಹೇಳಿದಳು:

"ಮೂವತ್ತೈದು ಅಂತ ಚೆನ್ನಾಗಿ ಹೇಳಿದ್ರಿ."

ಮೇಷ್ಟ್ರಿಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. "ಅದು... ಬಾಯಿಗೆ ಬಂದ್ಬಿಡ್ತು ಕಣೇ," ಎಂದರು. ಆಕೆ ಲೋಟ ತೊಳೆದು ಮಗುಚಿಟ್ಟಳು.

ಜಗಳವಾಗಿದ್ದರೆ ಒಳ್ಳೆಯದಿತ್ತು. ಆಗಲಿಲ್ಲ. ಮಾರನೆಯ ದಿನದಿಂದ ಆಕೆ ಆ ರಾಡಿನಲ್ಲೇ ಅಭ್ಯಾಸ ಶುರುಮಾಡಿದಳು. ಮೇಷ್ಟ್ರು ಪತ್ರಿಕೆ ಹಿಡಿದು ಪಕ್ಕದ ಕೋಣೆಯಲ್ಲಿ ಕೂತಿರುತ್ತಿದ್ದರು, ಒಂದು ಸಾಲೂ ಓದದೆ. ಹಿಡಿತ ಕೂರದೆ ಆಕೆ ಮತ್ತೆ ಮತ್ತೆ ಕೈ ಸರಿಮಾಡಿಕೊಳ್ಳುವುದು ಕೇಳಿಸುತ್ತಿತ್ತು. ಕೊರಳ ಕೆಳಗೆ ಕೆಂಪು ಗೀರುಗಳೆದ್ದವು. ಔಷಧಿ ಅಂಗಡಿಯಲ್ಲಿ ಯಾರೋ ಕೇಳಿದರಂತೆ, ಬೆಕ್ಕು ಪರಚಿತು ಎಂದಳಂತೆ. ಮನೆಯಲ್ಲಿ ಬೆಕ್ಕಿರಲಿಲ್ಲ.

ಮೇಷ್ಟ್ರು ಆಗಲೂ ಪರಿಹಾರವನ್ನು ಉಕ್ಕಿನಲ್ಲೇ ಹುಡುಕಿದರು. ನಡುಭಾಗಕ್ಕೆ ಬಟ್ಟೆಯ ಪಟ್ಟಿ ಸುತ್ತಿದರು. ರಾಡು ಇನ್ನಷ್ಟು ದಪ್ಪವಾಯಿತು, ಎತ್ತುವಾಗ ಪಟ್ಟಿ ಜಾರಿತು. "ಇಷ್ಟೆಲ್ಲ ಕಷ್ಟ ಯಾಕೆ ಪಡ್ತೀರಿ," ಎಂದು ಆಕೆ ಅದನ್ನು ಬಿಚ್ಚಿ ಮಡಚಿಟ್ಟಳು. ವ್ಯಂಗ್ಯವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಒಂದು ಬೆಳಿಗ್ಗೆ ಅಡುಗೆಮನೆಯ ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು ಆಕೆ ಬಲಗೈ ಎತ್ತಿದಳು. ಕೈ ಅರ್ಧದಲ್ಲಿ ನಿಂತಿತು. ಒಂದು ಕ್ಷಣ ಹಾಗೇ ಇದ್ದು, ಇಳಿಸಿ, ಎಡಗೈಯಿಂದ ತೆಗೆದಳು. ಮೇಷ್ಟ್ರು ಎದ್ದು ಹತ್ತಿರ ಬಂದರು.

"ನೋವಾ?"

"ಮಣಿಕಟ್ಟು ಹಿಂದಕ್ಕೆ ವಾಲುತ್ತಲ್ಲ, ಅದನ್ನ ಭುಜ ತಡ್ಕೊಳ್ಳುತ್ತೆ. ಸ್ವಲ್ಪ ದಿನ ಬಿಡ್ತೀನಿ."

"ರಾಡು ಬದಲಾಯಿಸೋಣ."

"ಬದಲಾಯಿಸೋಕೆ ಅಣ್ಣನ ವ್ಯಾನ್ ಬೇಕು. ಅಣ್ಣಂಗೆ ಏನಂತ ಹೇಳ್ತೀರಿ?"

"ಇದ್ದದ್ದು ಹೇಳ್ತೀನಿ."

ಆಕೆ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನಳಾದಂತೆ ನಿಂತಳು.

ಫೋನು ಮಾಡುವಾಗ ಮೇಷ್ಟ್ರು ನಿಜಕ್ಕೂ ಹೇಳಬೇಕೆಂದೇ ಇದ್ದರು. ವಾಕ್ಯವನ್ನೂ ಜೋಡಿಸಿಕೊಂಡಿದ್ದರು. ಆದರೆ ಆ ಕಡೆಯಿಂದ, "ಏನ್ ಪೈಲ್ವಾನ್ರೇ! ನಲವತ್ತಾಯ್ತಾ?" ಎಂಬ ಗುಡುಗು ಬಂದ ತಕ್ಷಣ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಭಾವ, ಆ ರಾಡು ವಾಪಸ್ ಕೊಡ್ಬೇಕಿತ್ತು."

"ಯಾಕೆ, ಏನಾಯ್ತು?"

"ಅದು... ಸ್ವಲ್ಪ ಬಾಗಿದೆ."

"ಬಾಗಿರೋದನ್ನ ಕೊಟ್ಟಿದ್ದಾನಾ? ನಮಗೇನಾ ಟೋಪಿ ಹಾಕೋದು? ನಾಳೆನೇ ಬರ್ತೀನಿ, ಗ್ರಹಚಾರ ಬಿಡಿಸ್ತೀನಿ ಅವನಿಗೆ!"

ಫೋನಿಟ್ಟು ತಿರುಗಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನಾಳೆ ಬರ್ತಾನಂತೆ," ಎಂದರು ಮೇಷ್ಟ್ರು.

"ಕೇಳಿಸ್ತು," ಎಂದಳು ಆಕೆ. ಭಾವನ ಮಾತು ಕೇಳಿಸಿತೋ, ತಮ್ಮದೋ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.

ಮಾರನೆಯ ದಿನ ವ್ಯಾನಿನಲ್ಲಿ ಭಾವನಿಗೆ ಸಿಟ್ಟಿನ ಸಂಭ್ರಮ. ತಂಗಿಯ ಗಂಡನಿಗಾದ ಅನ್ಯಾಯ ತನಗೇ ಆದದ್ದೆಂಬಂತೆ ದಾರಿಯುದ್ದಕ್ಕೂ ಮಾತಿನ ಕತ್ತಿ ಮಸೆದ. ಮೇಷ್ಟ್ರು ಎರಡು ಬಾರಿ, "ಭಾವ, ಜಗಳ ಬೇಡ," ಎಂದರು. "ನೀವು ಸುಮ್ನಿರಿ ಮೇಷ್ಟ್ರೇ, ನಿಮ್ಮಂಥ ಸಾಧುಗಳಿಂದಲೇ ಇವ್ರೆಲ್ಲ ಕೊಬ್ಬಿರೋದು," ಎಂದ ಅವನು.

ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ, ಪುಣ್ಯ. ಭಾವ ರಾಡನ್ನು ಹೆಗಲ ಮೇಲಿಂದ ರಬ್ಬರ್ ಹಾಸಿನ ಮೇಲೆ ಧೊಪ್ಪನೆ ಹಾಕಿದ.

"ಏನ್ರೀ, ಕಣ್ಣು ಕಾಣಲ್ಲ ಅಂದ್ಕೊಂಡ್ರಾ? ಬಾಗಿರೋ ಮಾಲು ಕೊಟ್ಟು ಕಳಿಸ್ತೀರಾ? ನಮ್ಮ ಮೇಷ್ಟ್ರು ಯಾರು ಅಂತ ಗೊತ್ತಾ? ಕಾಲೇಜಲ್ಲಿ ಉಕ್ಕು ಪರೀಕ್ಷೆ ಮಾಡೋರು! ದಿನಾ ಅದೇ ಕೆಲಸ ಅವ್ರದ್ದು!"

ಅಂಗಡಿಯವರ ಮುಖ ಸಣ್ಣದಾಯಿತು. "ನನ್ನ ಅಂಗಡೀಲಿ ಹಾಗಾಗಲ್ಲ ಸಾರ್. ನಾನೇ ನೋಡಿ ಕೊಟ್ಟಿದ್ದು," ಎಂದು ತಲೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. ರಾಡಿನ ಎರಡು ತುದಿಗಳನ್ನು ಸ್ಟ್ಯಾಂಡಿನ ಕೊಕ್ಕೆಗಳಲ್ಲಿ ಕೂರಿಸಿ, ನಡುವೆ ಹಿಡಿದು ತಿರುಗಿಸಿದರು. ಬಾಗಿದ ರಾಡಾದರೆ ಅದರ ನಡುಭಾಗ ಮೇಲೆ ಕೆಳಗೆ ಏಳುತ್ತ ಬೀಳುತ್ತ ಸುತ್ತುತ್ತದೆ. ಇದು ನಿಂತಲ್ಲೇ ನಿಂತಂತೆ ತಿರುಗಿತು. ಇನ್ನೊಮ್ಮೆ ತಿರುಗಿಸಿದರು. ಹಾಗೆಯೇ.

ಭಾವ ಬಗ್ಗಿ ನೋಡಿದ. ಅವನ ದನಿ ಸ್ವಲ್ಪ ಇಳಿಯಿತು. "ನಮಗೆ ಕಾಣ್ಸಲ್ಲ ಬಿಡಿ. ಮೇಷ್ಟ್ರೇ, ಎಲ್ಲಿ ಬಾಗಿದೆ ತೋರ್ಸಿ."

ಅಂಗಡಿಯವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ನೋಡಿ ಸಾರ್. ನೀವು ಬಲ್ಲೋರು. ಬಾಗಿದೆ ಅಂತ ನೀವಂದ್ರೆ ಇವತ್ತೇ ಬೇರೆ ಕೊಡ್ತೀನಿ. ಒಂದು ಮಾತೂ ಆಡಲ್ಲ."

ಆ ಮಾತಿನಲ್ಲಿ ಸವಾಲಿದ್ದರೆ ಮೇಷ್ಟ್ರು ಬಚಾವಾಗುತ್ತಿದ್ದರು. ಇದ್ದದ್ದು ನಂಬಿಕೆ. ಅವರು ರಾಡಿನ ಬಳಿಗೆ ಹೋದರು. ಇಂಥ ನೂರಾರು ಸರಳುಗಳ ಮೇಲೆ ಕಣ್ಣು ಹಾಯಿಸಿದ್ದವರು; ಕೂದಲೆಳೆಯಷ್ಟು ಡೊಂಕಿದ್ದರೂ ಅವರಿಗೆ ಕಾಣುತ್ತಿತ್ತು. ಡೊಂಕು ಇಲ್ಲ ಎಂಬುದು ರಾಡನ್ನು ಮನೆಗೆ ತಂದ ದಿನವೇ ಗೊತ್ತಿತ್ತು. ಬೆರಳು ಸುಮ್ಮನೆ ಉಕ್ಕಿನ ಮೇಲೆ ಓಡಾಡಿತು, ಏನೋ ಹುಡುಕುವವರ ಹಾಗೆ.

"ಅಣ್ಣ, ನಂದೇ ತಪ್ಪು," ಎಂದಳು ಹೆಂಡತಿ. ಎಲ್ಲರೂ ಆಕೆಯತ್ತ ತಿರುಗಿದರು. "ನಾನೇ ಇವರಿಗೆ ಬಾಗಿದೆ ಅಂದಿದ್ದು. ಒರೆಸುವಾಗ ನಂಗೆ ಹಾಗೆ ಕಾಣಿಸ್ತು. ಇವರು ನನ್ನ ಮಾತು ನಂಬಿದ್ರು, ಅಷ್ಟೇ."

"ನೋಡಿದ್ರಾ!" ಭಾವನಿಗೆ ಉಸಿರು ಬಂದಂತಾಯಿತು. "ಕಬ್ಬಿಣದ ವಿಷಯ ನಿಂಗ್ಯಾಕೆ ಬೇಕಿತ್ತು ಪುಟ್ಟಿ? ಸುಮ್ನೆ ಇವರ ಹತ್ರ ನನ್ನ ಬಾಯಿ ಕೆಟ್ಟದ್ದಾಯ್ತು. ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ಹೆಂಗಸರು, ಗೊತ್ತಾಗಲ್ಲ."

ಅಂಗಡಿಯವರು ತಲೆಯಾಡಿಸಿದರು. ವಿಷಯವನ್ನು ಅಲ್ಲಿಗೇ ಮುಗಿಸಬಹುದಿತ್ತು. ರಾಡನ್ನು ಹೊತ್ತುಕೊಂಡು ಮನೆಗೆ ಹೋಗಬಹುದಿತ್ತು. ಯಾರೂ ಮತ್ತೆ ಕೇಳುತ್ತಿರಲಿಲ್ಲ. ಹೆಂಡತಿ ಚೀಲವನ್ನು ಎಡಭುಜಕ್ಕೆ ಏರಿಸಿಕೊಂಡಳು. ಬಲಭುಜವನ್ನು ಇತ್ತೀಚೆಗೆ ಯಾವುದಕ್ಕೂ ಬಳಸುತ್ತಿರಲಿಲ್ಲ. ಆಕೆ ಗಂಡನತ್ತ ನೋಡಲಿಲ್ಲ. ಯಾವ ನಿರೀಕ್ಷೆಯೂ ಉಳಿದಿರಲಿಲ್ಲ ಆ ಮುಖದಲ್ಲಿ. ಅವರಿಂದ ಆಗದ್ದನ್ನು ತಾನು ಮಾಡಿ ಮುಗಿಸಿದವಳ ಸುಸ್ತಷ್ಟೇ ಇತ್ತು.

"ಭಾವ," ಎಂದರು ಮೇಷ್ಟ್ರು. ರಾಡಿನಿಂದ ಕೈ ತೆಗೆದರು. "ಭಾವ, ಅವಳು ಹಾಗೆ ಹೇಳಿಲ್ಲ. ರಾಡು ಬಾಗಿಲ್ಲ. ಬಾಗಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು."

"ಅಂದ್ರೆ?"

"ನಾನು ಸುಳ್ಳು ಹೇಳ್ದೆ. ಫೋನಲ್ಲೂ ಸುಳ್ಳು, ಅವತ್ತು ಇಲ್ಲೂ ಸುಳ್ಳು. ಮೂವತ್ತೈದು ನಾನು ಎತ್ತಲ್ಲ. ಮೂವತ್ತೂ ಎತ್ತೋಕಾಗಲ್ಲ. ಎತ್ತೋದು ಇವಳು. ರಾಡು ಇವಳಿಗೇ ಬೇಕಾಗಿತ್ತು. ನಿಮ್ಮಿಬ್ಬರ ಮುಂದೆ ಹೇಳೋಕೆ ನಾಚಿಕೆ ಆಯ್ತು, ಅದಕ್ಕೆ ಇವಳ ಕೈಗೆ ಆಗದೇ ಇರೋದನ್ನ ತಗೊಂಡೋದೆ. ಈಗ ಭುಜ ಮತ್ತೆ ನೋಯ್ತಿದೆ ಇವಳಿಗೆ."

ಮಾತು ಮುಗಿದ ಮೇಲೆ ಹಗುರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೇಷ್ಟ್ರಿಗೆ ಹಾಗೇನೂ ಆಗಲಿಲ್ಲ. ಹೇಳಿದ ಒಂದೊಂದು ಮಾತೂ ಹಾಸಿನ ಮೇಲೆ, ಎಲ್ಲರ ಕಾಲ ಬುಡದಲ್ಲಿ, ಎತ್ತಿಡಲು ಜಾಗವಿಲ್ಲದೆ ಬಿದ್ದುಕೊಂಡಿದ್ದಂತೆ ಕಂಡಿತು.

ಭಾವ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ತಂಗಿಯ ಬಳಿಗೆ ಹೋಗಿ, "ಭುಜ ನೋಯ್ತಿದೆಯಾ?" ಎಂದ. ಅವನಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

"ಸ್ವಲ್ಪ. ವಾಸಿಯಾಗುತ್ತೆ."

"ಮೂವತ್ತೈದು? ನೀನು?"

"ಹ್ಞೂಂ."

"ನಂಗ್ಯಾಕೆ ಹೇಳ್ಲಿಲ್ಲ?"

"ಅಳ್ತೀಯ ಅಂತ."

"ನಾನೆಲ್ಲಿ ಅಳ್ತೀನಿ," ಎಂದ ಭಾವ, ಮುಖ ಆ ಕಡೆ ತಿರುಗಿಸಿ.

ಅಂಗಡಿಯವರು ಮೇಷ್ಟ್ರ ಕಡೆಗೆ ನೋಡಲೇ ಇಲ್ಲ. ನೇರವಾಗಿ ಆಕೆಯನ್ನು ಕೇಳಿದರು: "ಹಿಡಿತ ಎಲ್ಲಿ ಕೈ ಕೊಡುತ್ತಮ್ಮ? ಎತ್ತುವಾಗಲಾ, ಮೇಲೆ ನಿಲ್ಲಿಸುವಾಗಲಾ?"

"ಎತ್ತುವಾಗ. ಹಣೆ ದಾಟೋ ಹೊತ್ತಿಗೆ ಬೆರಳು ಬಿಟ್ಕೊಳ್ಳುತ್ತೆ."

ಇಬ್ಬರೂ ಗೋಡೆಯ ಬಳಿ ಹೋದರು. ಅಂಗಡಿಯವರು ಹದಿನೈದು ಕಿಲೋದ ಎರಡು ರಾಡುಗಳನ್ನು ತೆಗೆದು ಕೊಟ್ಟರು. ಆಕೆ ಒಂದರ ತೋಳು ತಿರುಗಿಸಿ, ಕಿವಿಗೊಟ್ಟು, ಬೇಡವೆಂದಳು. ಇನ್ನೊಂದನ್ನು ಹಿಡಿದು, ಕೊರಳ ಬುಡಕ್ಕೆ ತಂದು, ಸ್ವಲ್ಪ ಹೊತ್ತು ಹಾಗೇ ನಿಂತಳು. ಎತ್ತಿ ತೋರಿಸು ಎಂದು ಭಾವ ಕೇಳಿದ. "ಇವತ್ತು ಬೇಡಣ್ಣ, ನೋವು ಹೋಗ್ಲಿ," ಎಂದು ಕೆಳಗಿಳಿಸಿದಳು. ಎಷ್ಟು ಮಿಲಿಮೀಟರು, ನಡುಭಾಗ ಹೇಗಿದೆ ಎಂಬ ಮಾತುಗಳು ಮೇಷ್ಟ್ರ ನಾಲಿಗೆಯ ತುದಿಗೆ ಬಂದವು. ಯಾರೂ ಕೇಳಲಿಲ್ಲ. ಅವರೂ ಆಡಲಿಲ್ಲ.

ಅಂಗಡಿಯವರು ಹಳೆಯ ರಾಡನ್ನು ಎಣ್ಣೆಬಟ್ಟೆಯಿಂದ ಒರೆಸತೊಡಗಿದ್ದರು. ಮೇಷ್ಟ್ರು ಅವರ ಹತ್ತಿರ ಹೋದರು.

"ನಿಮ್ಮ ಮೇಲೆ ಇಲ್ಲದ ಮಾತು ಹೇಳ್ದೆ. ಕ್ಷಮಿಸಿ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಟ್ಟೆ ಹೋಯಿತು, ಬಂತು. "ಆಯ್ತು ಸಾರ್," ಎಂದರು ಕೊನೆಗೆ.

ಭಾವ ವ್ಯಾನಿನ ಹಿಂದಿನ ಬಾಗಿಲು ತೆಗೆಯಲು ಹೊರಗೆ ಹೋಗಿದ್ದ. ಹೆಂಡತಿ ಹೊಸ ರಾಡಿನ ಮುಂದಿನ ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ತಿರುಗಿ ನೋಡದೆಯೇ ಕರೆದಳು:

"ಬನ್ರೀ, ಆ ತುದಿ ಹಿಡ್ಕೊಳ್ಳಿ. ಬಾಗಿಲ ಗಾಜು ನೋಡ್ಕೊಂಡು."

ಮೇಷ್ಟ್ರು ಬಗ್ಗಿ ತುದಿ ಹಿಡಿದರು. ಆಕೆ ನಡೆದಷ್ಟೇ ನಡೆಯುತ್ತ, ಆಕೆ ನಿಂತಾಗ ನಿಲ್ಲುತ್ತ, ತಲೆ ತಗ್ಗಿಸಿಕೊಂಡು ಹೊರಗೆ ಬಂದರು.